ಲ್ಯೂಬೆಕ್ ನೋಡುವುದು ಹೇಗೆ: ಉಪ್ಪು ಬಂದ ದಾರಿಯಲ್ಲಿ ಒಂದು ದಿನ

ನಾನಿರುವುದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ. ಊರಿನಿಂದ ಯಾರೇ ಬಂದರೂ ಒಂದು ದಿನ ಲ್ಯೂಬೆಕ್‌ಗೆ ಕರೆದುಕೊಂಡು ಹೋಗುತ್ತೇನೆ. ಮೊದಮೊದಲು ಎಲ್ಲರೂ ಮಾಡುವುದನ್ನೇ ನಾವೂ ಮಾಡುತ್ತಿದ್ದೆವು. ದೊಡ್ಡ ಹೆಬ್ಬಾಗಿಲ ಮುಂದೆ ಫೋಟೊ, ಮಾರ್ಜಿಪಾನ್ ಅನ್ನುವ ಬಾದಾಮಿ ಸಿಹಿಯ ಅಂಗಡಿ, ಒಂದು ಕಾಫಿ, ವಾಪಸ್ ರೈಲು. ಮೂರು ಗಂಟೆಯಲ್ಲಿ ಊರು ಮುಗಿದುಹೋಗುತ್ತಿತ್ತು. ಆಮೇಲೆ ಒಂದು ಸಲ ಮಳೆ ಬಂತು ಅಂತ ಸಿಕ್ಕ ಸಂದಿಯೊಳಗೆ ತಲೆ ತಗ್ಗಿಸಿ ನುಗ್ಗಿದೆವು. ಹಿಂದೆ ಪುಟ್ಟ ಪುಟ್ಟ ಮನೆಗಳ ಸಾಲು, ಗುಲಾಬಿ ಗಿಡ, ಬಾಗಿಲ ಪಕ್ಕ ಸೈಕಲ್. ಎದುರಿನ ಬೀದಿಯಲ್ಲಿ ಅಷ್ಟು ಎತ್ತರದ ಶ್ರೀಮಂತರ ಮನೆಗಳು, ಅವುಗಳ ಬೆನ್ನಿಗೇ ಅಂಟಿಕೊಂಡಂತೆ ಇಷ್ಟು ಚಿಕ್ಕ ಗೂಡುಗಳು. ಯಾರು ಇದ್ದರು ಇಲ್ಲಿ ಅಂತ ಕೇಳುತ್ತಾ ಹೋದ ಮೇಲೆ ನನಗೆ ಲ್ಯೂಬೆಕ್ ಅರ್ಥವಾಗತೊಡಗಿತು.

ಈಗ ನಾನು ಈ ಊರನ್ನು ಒಂದು ಕ್ರಮದಲ್ಲಿ ತೋರಿಸುತ್ತೇನೆ. ಉಪ್ಪು ಬಂದ ಕಡೆಯಿಂದ ಶುರು, ದುಡ್ಡು ಸೇರಿದ ಜಾಗಕ್ಕೆ ನಡಿಗೆ, ಕೊನೆಗೆ ಮೂಟೆ ಹೊತ್ತವರ ಓಣಿಗೆ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೊರಡುವ ಮುಂಚೆ ಐದು ನಿಮಿಷ

ಲ್ಯೂಬೆಕ್ ಒಂದು ದ್ವೀಪ ಇದ್ದ ಹಾಗೆ. ಟ್ರಾವೆ ನದಿಯೂ ಅದರ ಕಾಲುವೆಗಳೂ ಹಳೆ ಊರನ್ನು ಸುತ್ತುವರಿದಿವೆ. 1143ರಲ್ಲಿ ಹೋಲ್‌ಸ್ಟೈನ್‌ನ ಎರಡನೇ ಅಡಾಲ್ಫ್ ಇಲ್ಲಿ ಊರು ಕಟ್ಟಿದ. 1159ರಲ್ಲಿ ಸ್ಯಾಕ್ಸನಿಯ ದೊರೆ ಹೆನ್ರಿ ಅದನ್ನು ಮತ್ತೆ ಹೊಸದಾಗಿ ಕಟ್ಟಿಸಿದ. 1226ರಲ್ಲಿ ಚಕ್ರವರ್ತಿ ಎರಡನೇ ಫ್ರೆಡ್ರಿಕ್ ಇದಕ್ಕೆ ಸ್ವತಂತ್ರ ನಗರದ ಪಟ್ಟ ಕೊಟ್ಟ. ಅಂದರೆ ಚಕ್ರವರ್ತಿಯನ್ನು ಬಿಟ್ಟರೆ ಮೇಲೆ ಬೇರೆ ಯಾವ ದೊರೆಯೂ ಇಲ್ಲ. ಊರಿನ ಆಡಳಿತ ಪೂರ್ತಿ ವ್ಯಾಪಾರಿಗಳ ಕೈಗೆ ಬಂತು.

ಈ ವ್ಯಾಪಾರಿಗಳು ಬೇರೆ ಊರುಗಳ ವ್ಯಾಪಾರಿಗಳ ಜೊತೆ ಸೇರಿ ಮಾಡಿಕೊಂಡ ಕೂಟದ ಹೆಸರೇ ಹಾನ್ಸಾ. ಅದಕ್ಕೆ ರಾಜನಿರಲಿಲ್ಲ, ಕಾಯಂ ಸೈನ್ಯವಿರಲಿಲ್ಲ, ಗಡಿಯೂ ಇರಲಿಲ್ಲ. ಆದರೂ 1370ರಲ್ಲಿ ಡೆನ್ಮಾರ್ಕ್‌ನ ರಾಜನನ್ನೇ ಮಣಿಸಿ ಒಪ್ಪಂದಕ್ಕೆ ತಂದರು. ಈ ಊರುಗಳ ದೊಡ್ಡ ಸಭೆ ಮೊದಲ ಸಲ 1356ರಲ್ಲಿ ಸೇರಿದ್ದೂ ಇಲ್ಲೇ, ಕೊನೆಯ ಸಲ 1669ರಲ್ಲಿ ಸೇರಿದ್ದೂ ಇಲ್ಲೇ. ಲಂಡನ್, ಬ್ರೂಗ್ಸ್, ನಾರ್ವೆಯ ಬರ್ಗೆನ್, ರಷ್ಯಾದ ನವ್‌ಗೊರೊಡ್, ಈ ನಾಲ್ಕೂ ಕಡೆ ಅವರದೇ ದೊಡ್ಡ ಕೋಠಿಗಳಿದ್ದವು. ನೀವು ಬೆಂಗಳೂರಿಂದ ಲುಫ್ತಾನ್ಸಾ ವಿಮಾನದಲ್ಲಿ ಬಂದಿದ್ದರೆ ಈ ಹೆಸರನ್ನು ಆಗಲೇ ಹೇಳಿದ್ದೀರಿ. ಲುಫ್ಟ್ ಅಂದರೆ ಗಾಳಿ, ಹಾನ್ಸಾ ಇದೇ ಹಾನ್ಸಾ. ಲ್ಯೂಬೆಕ್‌ನ ಕಾರುಗಳ ನಂಬರ್ ಪ್ಲೇಟ್ ಗಮನಿಸಿ, ಎಚ್‌ಎಲ್ ಅಂತ ಇರುತ್ತದೆ. ಹಾನ್ಸಾ ನಗರ ಲ್ಯೂಬೆಕ್ ಅಂತ ಅದರ ಅರ್ಥ.

ಹೋಗುವುದು

ಹ್ಯಾಂಬರ್ಗ್ ಮುಖ್ಯ ನಿಲ್ದಾಣದಿಂದ ರೀಜನಲ್ ರೈಲಿನಲ್ಲಿ ಸುಮಾರು 45 ನಿಮಿಷ. ಇಲ್ಲಿ ವಾಸ ಇರುವವರ ಹತ್ತಿರ ಡಾಯ್ಚ್‌ಲಾಂಡ್ ಟಿಕೆಟ್ ಅನ್ನುವ ತಿಂಗಳ ಪಾಸ್ ಇದ್ದರೆ ಅದೇ ಸಾಕು, ಬೇರೆ ಟಿಕೆಟ್ ಬೇಡ. ಊರಿಂದ ಬಂದವರು ಎರಡು ಮೂರು ಜನ ಇದ್ದರೆ ಶ್ಲೆಸ್‌ವಿಗ್-ಹೋಲ್‌ಸ್ಟೈನ್ ಟಿಕೆಟ್ ಕೇಳಿ. ಒಂದೇ ಟಿಕೆಟ್‌ನಲ್ಲಿ ಐದು ಜನರ ತನಕ ಸೇರಿಸಬಹುದು, ತಲೆಗೆ ಬೀಳುವ ಖರ್ಚು ಕಡಿಮೆಯಾಗುತ್ತದೆ. ವಾರದ ದಿನಗಳಲ್ಲಿ ಅದು ಬೆಳಿಗ್ಗೆ 9ರ ಮೇಲೆ ಮಾತ್ರ ನಡೆಯುತ್ತದೆ, ಇದನ್ನು ಮರೆಯಬೇಡಿ. ಈ ಎರಡೂ ಟಿಕೆಟ್ ಐಸಿಇ ತರದ ವೇಗದ ರೈಲುಗಳಲ್ಲಿ ನಡೆಯುವುದಿಲ್ಲ.

ಸೂಟ್‌ಕೇಸ್ ಎಳೆದುಕೊಂಡು ಊರೊಳಗೆ ಹೋಗಬೇಡಿ. ಹಳೆ ಊರಿನ ತುಂಬ ಕಲ್ಲು ಹಾಸಿದ ಬೀದಿಗಳು, ಚಕ್ರ ಮುರಿದೇ ಹೋಗುತ್ತದೆ. ಒಮ್ಮೆ ನಾವೇ ಅನುಭವಿಸಿದ್ದೇವೆ. ನಿಲ್ದಾಣದ ಲಾಕರ್‌ನಲ್ಲಿ ಇಟ್ಟುಬಿಡಿ. ಕಾಲಿಗೆ ಒಳ್ಳೆ ಶೂ ಇರಲಿ, ಮೇಲೆ ಗಾಳಿ ತಡೆಯುವ ಜಾಕೆಟ್ ಇರಲಿ. ಸಮುದ್ರ ಹತ್ತಿರ ಇರುವುದರಿಂದ ಬೇಸಿಗೆಯಲ್ಲೂ ಗಾಳಿ ಜಾಸ್ತಿ. ಭಾನುವಾರ ಜರ್ಮನಿಯಲ್ಲಿ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ಸೋಮವಾರ ಹಲವು ಮ್ಯೂಸಿಯಂಗಳು. ಹಾಗಾಗಿ ಮಂಗಳವಾರದಿಂದ ಶನಿವಾರದೊಳಗೆ ಒಂದು ದಿನ ಆರಿಸಿಕೊಂಡರೆ ಒಳ್ಳೆಯದು.

ಮೊದಲು ಹೆಬ್ಬಾಗಿಲು

ನಿಲ್ದಾಣದಿಂದ ನೇರ ನಡೆದರೆ ಹತ್ತು ನಿಮಿಷ. ಹೋಲ್‌ಸ್ಟೆನ್‌ಟೋರ್ ಎದುರು ಬಂದು ನಿಲ್ಲುತ್ತದೆ. ಎರಡು ದಪ್ಪ ಬುರುಜು, ಮೇಲೆ ಚೂಪು ಟೋಪಿ ಇಟ್ಟ ಹಾಗೆ ಛಾವಣಿ. 1464ರಿಂದ 1478ರವರೆಗೆ ಕಟ್ಟಿದ್ದು. ಸುಮ್ನೆ ನೇರ ನಿಂತು ನೋಡಿ, ಬುರುಜುಗಳು ವಾಲಿರುವುದು ಕಣ್ಣಿಗೇ ಕಾಣುತ್ತದೆ. ಕೆಳಗಿರುವುದು ಜೌಗು ನೆಲ, ಈ ಭಾರ ತಡೆಯಲಾರದೆ ಕುಸಿದಿದೆ. ಹೊರಗಡೆ ಗೋಡೆ ಮೂರೂವರೆ ಮೀಟರ್ ದಪ್ಪ, ಕಿಟಕಿ ಬಹಳ ಕಡಿಮೆ. ಊರಿನ ಕಡೆಯ ಗೋಡೆ ಒಂದು ಮೀಟರ್ ಕೂಡ ಇಲ್ಲ, ಕಿಟಕಿ ತುಂಬ. ಹೊರಗಿನವರಿಗೆ ಹೆದರಿಕೆ, ಒಳಗಿನವರಿಗೆ ಅಲಂಕಾರ. ಅದಕ್ಕೇ ಫೋಟೊ ತೆಗೆದು ಅಲ್ಲೇ ತಿರುಗಬೇಡಿ, ಬಾಗಿಲು ದಾಟಿ ಹಿಂದಿರುಗಿ ಇನ್ನೊಂದು ಮುಖವನ್ನೂ ನೋಡಿ.

19ನೇ ಶತಮಾನದಲ್ಲಿ ಇದನ್ನು ಕೆಡವಿಬಿಡೋಣ ಅಂತ ಊರಲ್ಲಿ ದೊಡ್ಡ ಚರ್ಚೆ ನಡೆದಿತ್ತು. 1863ರಲ್ಲಿ ಮತಕ್ಕೆ ಹಾಕಿದಾಗ ಒಂದೇ ಒಂದು ಮತದ ಅಂತರದಲ್ಲಿ ಇದು ಉಳಿಯಿತು. ನಿಮ್ಮ ಪರ್ಸ್‌ನಲ್ಲಿ 2006ರ ಜರ್ಮನ್ 2 ಯೂರೋ ನಾಣ್ಯ ಸಿಕ್ಕರೆ ತಿರುಗಿಸಿ ನೋಡಿ, ಈ ಬಾಗಿಲು ಅದರ ಮೇಲಿರಬಹುದು.

ಇಲ್ಲಿ ಅವಸರ ಬೇಡ: ಉಪ್ಪಿನ ಉಗ್ರಾಣಗಳು

ಬಾಗಿಲ ಪಕ್ಕದಲ್ಲೇ ನೀರಿನ ದಂಡೆಗೆ ಆರು ಇಟ್ಟಿಗೆ ಕಟ್ಟಡಗಳು ಭುಜಕ್ಕೆ ಭುಜ ತಾಗಿಸಿ ನಿಂತಿವೆ. ಹೆಚ್ಚಿನವರು ಇದನ್ನು ಬಾಗಿಲ ಫೋಟೊದ ಅಂಚಿನಲ್ಲಿ ಸೇರಿಸಿಕೊಂಡು ಮುಂದೆ ಹೋಗುತ್ತಾರೆ. ನನಗೆ ಕೇಳಿದರೆ ಊರಿನ ಕಥೆ ಇರುವುದೇ ಇಲ್ಲಿ. ಈಗ ನಿಂತಿರುವ ಕಟ್ಟಡಗಳು 1579ರಿಂದ 1745ರ ನಡುವೆ ಕಟ್ಟಿದವು, ಆದರೆ ಉಪ್ಪಿನ ವ್ಯಾಪಾರ ಅದಕ್ಕಿಂತ ಬಹಳ ಹಳೆಯದು.

ದಕ್ಷಿಣಕ್ಕೆ ಲ್ಯೂನೆಬುರ್ಗ್ ಅಂತ ಒಂದು ಊರಿದೆ. ಅಲ್ಲಿ ನೆಲದಡಿಯಿಂದ ಉಪ್ಪುನೀರು ಮೇಲೆತ್ತಿ ಸೀಸದ ಬಾಣಲೆಗಳಲ್ಲಿ ಕುದಿಸಿ ಉಪ್ಪು ತೆಗೆಯುತ್ತಿದ್ದರು. ಮೊದಲು ಗಾಡಿಗಳಲ್ಲಿ ಬರುತ್ತಿತ್ತು. 1398ರಲ್ಲಿ ಶ್ಟೆಕ್‌ನಿಟ್ಸ್ ಕಾಲುವೆ ಮುಗಿದ ಮೇಲೆ ದೋಣಿಗಳಲ್ಲಿ ಬರತೊಡಗಿತು. ಏರು ತಗ್ಗು ಇರುವ ಕಡೆ ನೀರನ್ನು ತಡೆಗಟ್ಟಿ ತೂಬಿನಿಂದ ಬಿಟ್ಟು ದೋಣಿ ದಾಟಿಸುವ ಕಾಲುವೆ ಅದು. ಎಲ್ಬೆ ನದಿಯನ್ನೂ ಟ್ರಾವೆ ನದಿಯನ್ನೂ ಜೋಡಿಸಿತು. 14ನೇ ಶತಮಾನದಲ್ಲಿ ಇಂಥದ್ದನ್ನು ತೋಡಿದರು ಅಂದರೆ ಉಪ್ಪಿಗೆ ಎಷ್ಟು ಬೆಲೆ ಇದ್ದಿರಬೇಕು, ಯೋಚಿಸಿ.

ಇಷ್ಟು ಉಪ್ಪು ಯಾಕೆ ಬೇಕಿತ್ತು? ಮೀನಿಗೆ. ಎದುರುಗಡೆ, ಬಾಲ್ಟಿಕ್ ಸಮುದ್ರದ ಆಚೆ, ಇವತ್ತಿನ ದಕ್ಷಿಣ ಸ್ವೀಡನ್‌ನ ಕರಾವಳಿಗೆ ಪ್ರತಿವರ್ಷ ಬೇಸಿಗೆಯ ಕೊನೆಗೆ ಹೆರಿಂಗ್ ಮೀನು ರಾಶಿ ರಾಶಿ ಬರುತ್ತಿತ್ತು. ನಮ್ಮ ಕರಾವಳಿಯ ಬೂತಾಯಿಗೆ ಹತ್ತಿರದ ಮೀನು ಅದು, ಎಣ್ಣೆ ಜಾಸ್ತಿ, ಬೇಗ ಕೆಡುತ್ತದೆ. ಹಿಡಿದ ಕೂಡಲೇ ಕರುಳು ತೆಗೆದು ಉಪ್ಪು ಹಾಕಿ ಪೀಪಾಯಿಗೆ ತುಂಬಿದರೆ ಮಾತ್ರ ತಿಂಗಳುಗಟ್ಟಲೆ ಇರುತ್ತದೆ. ಆ ಕಾಲದ ಯುರೋಪ್‌ನಲ್ಲಿ ಶುಕ್ರವಾರಗಳಲ್ಲಿ, ಈಸ್ಟರ್ ಮುಂಚಿನ 40 ದಿನದ ತಪಸ್ಸುಕಾಲದಲ್ಲಿ, ಇನ್ನೂ ಎಷ್ಟೋ ದಿನಗಳಲ್ಲಿ ಮಾಂಸ ತಿನ್ನುವ ಹಾಗಿರಲಿಲ್ಲ. ಮೀನು ತಿನ್ನಬಹುದಿತ್ತು. ಸಮುದ್ರದಿಂದ ದೂರ ಇರುವ ಊರುಗಳಿಗೆ ಉಪ್ಪು ಹಾಕಿದ ಮೀನು ಬಿಟ್ಟರೆ ಬೇರೆ ದಾರಿ ಕಡಿಮೆ. ಲ್ಯೂಬೆಕ್‌ನ ವ್ಯಾಪಾರಿ ಉಪ್ಪನ್ನು ಆಚೆ ಕಳಿಸಿದ, ಮೀನನ್ನು ಈಚೆ ತಂದ, ಹೋಗುವಾಗಲೂ ಬರುವಾಗಲೂ ಹಡಗು ತುಂಬಿರುತ್ತಿತ್ತು. ಮೀನಿನ ದುಡ್ಡಿನಲ್ಲಿ ಬಟ್ಟೆ, ಮೇಣ, ತುಪ್ಪಳ, ಧಾನ್ಯದ ವ್ಯಾಪಾರ ಬೆಳೆಯಿತು.

ಈಗ ಮುಂದೆ ಕಾಣುವ ಪ್ರತಿಯೊಂದು ಗೋಪುರವನ್ನೂ ಈ ಲೆಕ್ಕದಲ್ಲಿ ನೋಡಿ.

ಮೇಲಿಂದ ಒಂದು ನೋಟ

ಉಗ್ರಾಣದಿಂದ ಏರುದಾರಿಯಲ್ಲಿ ಐದು ನಿಮಿಷ ನಡೆದರೆ ಸಂತ ಪೀಟರ್ ಚರ್ಚ್. ಇದರ ಗೋಪುರಕ್ಕೆ ಲಿಫ್ಟ್ ಇದೆ, 50 ಮೀಟರ್ ಮೇಲೆ ಸುತ್ತಲೂ ನಿಂತು ನೋಡುವ ಜಾಗ. ವಯಸ್ಸಾದ ಅಪ್ಪ ಅಮ್ಮನನ್ನು ಕರೆತಂದವರೂ ಆರಾಮಾಗಿ ಹೋಗಬಹುದು. ದುಡ್ಡು ಕೊಡಬೇಕು, ಕೊಡಿ, ಪರವಾಗಿಲ್ಲ. ಐದು ಚರ್ಚುಗಳ ಏಳು ಗೋಪುರ, ಸುತ್ತ ನೀರು, ಕೆಂಪು ಹೆಂಚಿನ ಮಾಡುಗಳು. ಎಲ್ಲ ಕಡೆ ಇಟ್ಟಿಗೆಯೇ ಯಾಕೆ ಅಂತ ಅನ್ನಿಸುತ್ತದೆ ಅಲ್ವಾ? ಈ ಸೀಮೆಯಲ್ಲಿ ಕಟ್ಟುವ ಕಲ್ಲು ಸಿಗುವುದು ಬಹಳ ಕಡಿಮೆ, ಜೇಡಿಮಣ್ಣು ಬೇಕಾದಷ್ಟು. ಹಾಗಾಗಿ ಮಣ್ಣು ಸುಟ್ಟೇ ಆಕಾಶಕ್ಕೆ ಏರಿದರು.

ಮಾರುಕಟ್ಟೆ, ಪುರಭವನ, ಬಾದಾಮಿ ಸಿಹಿ

ಪುರಭವನ ಜರ್ಮನಿಯ ಹಳೆಯವುಗಳಲ್ಲಿ ಒಂದು, 13ನೇ ಶತಮಾನದಲ್ಲಿ ಶುರುವಾಗಿ ನೂರಾರು ವರ್ಷ ಬೆಳೆದದ್ದು. ಅದರ ಎತ್ತರದ ಗೋಡೆಯಲ್ಲಿ ದೊಡ್ಡ ದುಂಡು ತೂತುಗಳಿವೆ, ಗಾಳಿ ಹಾಯ್ದುಹೋಗಲಿ ಅಂತ ಬಿಟ್ಟದ್ದು. ಇದಕ್ಕಿಂತ ಜಾಸ್ತಿ ಹೊತ್ತು ಇಲ್ಲಿ ಬೇಡ.

ಎದುರಿಗೇ ನೀಡರೆಗರ್ ಅಂಗಡಿ, 1806ರಿಂದ ಇದೆ. ಮಾರ್ಜಿಪಾನ್ ಅಂದರೆ ಬಾದಾಮಿಯನ್ನೂ ಸಕ್ಕರೆಯನ್ನೂ ಅರೆದು ಮಾಡುವ ಮಿಠಾಯಿ. ನಮ್ಮ ಬಾದಾಮಿ ಬರ್ಫಿ ನೆನಪಾಗುತ್ತದೆ, ಆದರೆ ಅದಕ್ಕಿಂತ ಮೆತ್ತಗೆ, ತುಪ್ಪದ ಘಮ ಇಲ್ಲ. ಬಾದಾಮಿ ಬೆಳೆಯದ ಊರಲ್ಲಿ ಬಾದಾಮಿ ಸಿಹಿ ಹೆಸರಾದದ್ದೂ ಹಡಗುಗಳಿಂದಲೇ. ಊರಿಗೆ ಒಯ್ಯಲು ಚಿಕ್ಕ ತುಂಡುಗಳ ಡಬ್ಬಿ ಒಳ್ಳೆಯದು. ಮದ್ಯ ಮುಟ್ಟದವರಿಗೆ ಕೊಡುವುದಾದರೆ ಡಬ್ಬಿಯ ಹಿಂದೆ ಓದಿ, ಕೆಲವಕ್ಕೆ ಮದ್ಯ ಹಾಕಿರುತ್ತಾರೆ. ಮಹಡಿಯ ಕೆಫೆಯಲ್ಲಿ ಕೇಕ್ ತಿನ್ನುವ ಸಸ್ಯಾಹಾರಿಗಳು ಮೊಟ್ಟೆ ಇದೆಯಾ ಅಂತ ಕೇಳಿ, ಬಹುಪಾಲು ಇರುತ್ತದೆ.

ಊಟಕ್ಕೂ ಇದೇ ಮಾತು. ಸಸ್ಯಾಹಾರಿಗಳಿಗೆ ಆಲೂಗಡ್ಡೆ, ಸೂಪ್, ಪಾಸ್ಟಾ, ಫಲಾಫೆಲ್ ಹಳೆ ಊರೊಳಗೆ ಸುಲಭವಾಗಿ ಸಿಗುತ್ತವೆ. ಸೂಪ್ ಯಾವುದರ ನೀರಿನಲ್ಲಿ ಮಾಡಿದ್ದು ಅಂತ ಕೇಳಿಯೇ ತೆಗೆದುಕೊಳ್ಳಿ. ಮೀನು ತಿನ್ನುವವರು ಬ್ರೆಡ್ಡಿನೊಳಗೆ ಉಪ್ಪು ಹುಳಿ ಹಾಕಿದ ಹೆರಿಂಗ್ ಇಟ್ಟು ಕೊಡುವುದನ್ನು ತಿನ್ನಲೇಬೇಕು. ಉಗ್ರಾಣದ ಮುಂದೆ ಹೇಳಿದ ಕಥೆ ಪೂರ್ತಿ ಒಂದು ತುತ್ತಿನಲ್ಲಿದೆ.

ಮರಿಯಮ್ಮನ ಚರ್ಚ್: ಒಂದು ಗಂಟೆ ಮೀಸಲಿಡಿ

ಮಾರುಕಟ್ಟೆಗೆ ಬೆನ್ನಾಗಿ ನಿಂತಿರುವುದು ಮರಿಯೆನ್‌ಕಿರ್ಶೆ. ಊರಿನ ದಕ್ಷಿಣ ತುದಿಯಲ್ಲಿ ಬಿಷಪ್ಪರ ದೊಡ್ಡ ಚರ್ಚ್ ಆಗಲೇ ಇತ್ತು, 1173ರಲ್ಲಿ ಶುರುವಾದದ್ದು. ವ್ಯಾಪಾರಿಗಳು ಅದಕ್ಕಿಂತ ಎತ್ತರದ್ದನ್ನು ತಮ್ಮ ಮಾರುಕಟ್ಟೆಯ ಪಕ್ಕದಲ್ಲೇ ಕಟ್ಟಿದರು. ಒಳಗೆ ಹೋಗಿ ತಲೆ ಎತ್ತಿ. ಕಮಾನು ಛಾವಣಿ 38.5 ಮೀಟರ್ ಮೇಲಿದೆ, ಇಟ್ಟಿಗೆಯಲ್ಲಿ ಕಟ್ಟಿದ ಕಮಾನುಗಳಲ್ಲಿ ಜಗತ್ತಿನಲ್ಲೇ ಎತ್ತರದ್ದು. ನನ್ನ ಅಮ್ಮ ಒಳಗೆ ಕಾಲಿಟ್ಟವರೇ ಮಾತು ನಿಲ್ಲಿಸಿದರು, ಹೊರಗೆ ಬರುವವರೆಗೂ ಏನೂ ಹೇಳಲಿಲ್ಲ.

ಬಾಗಿಲಲ್ಲಿ ಸಣ್ಣ ಪ್ರವೇಶ ಶುಲ್ಕ ಕೇಳುತ್ತಾರೆ. ಒಳಗೆ ಹೋಗಿ ಮೊದಲು ದಕ್ಷಿಣ ಗೋಪುರದ ಕೆಳಗಿನ ಕೋಣೆಗೆ ಹೋಗಿ. 1942ರ ಮಾರ್ಚ್ 28ರ ರಾತ್ರಿ, ಗರಿಗಳ ಭಾನುವಾರದ ಹಿಂದಿನ ರಾತ್ರಿ, ಬ್ರಿಟಿಷ್ ವಿಮಾನಗಳು ಈ ಊರಿನ ಮೇಲೆ ಬಾಂಬ್ ಹಾಕಿದವು. ಬೆಂಕಿಯಲ್ಲಿ ಮೇಲಿನ ಗಂಟೆಗಳು ಕಳಚಿ ಬಿದ್ದವು. ಬಿದ್ದ ಜಾಗದಲ್ಲೇ, ಒಡೆದು ಕರಗಿದ ರೂಪದಲ್ಲೇ ಅವನ್ನು ಬಿಟ್ಟಿದ್ದಾರೆ. ಜರ್ಮನ್ ಬಾಂಬಿಗೆ 1940ರಲ್ಲಿ ಸುಟ್ಟುಹೋದ ಇಂಗ್ಲೆಂಡಿನ ಕವೆಂಟ್ರಿ ಚರ್ಚಿನಿಂದ ಬಂದ ಮೊಳೆಗಳ ಶಿಲುಬೆಯೂ ಇಲ್ಲಿದೆ. ಮಕ್ಕಳಿದ್ದರೆ ಇಲ್ಲಿ ಮೆಲ್ಲಗೆ ಹೇಳಿ. ಅವರು ಕೇಳುವ ಪ್ರಶ್ನೆಗಳಿಗೆ ಉತ್ತರ ಸುಲಭವಿಲ್ಲ, ಆದರೂ ಹೇಳಿ.

ಸಂಗೀತ ಇಷ್ಟಪಡುವವರಿಗೆ ಇನ್ನೊಂದು ವಿಷಯ. 1668ರಿಂದ 1707ರವರೆಗೆ ಇಲ್ಲಿ ಆರ್ಗನ್ ನುಡಿಸುತ್ತಿದ್ದವರು ಬುಕ್ಸ್‌ಟೆಹುಡೆ. ಅವರನ್ನು ಕೇಳಲೆಂದೇ 1705ರಲ್ಲಿ ಆರ್ನ್‌ಸ್ಟಾಟ್ ಊರಿನಿಂದ 20 ವರ್ಷದ ಹುಡುಗನೊಬ್ಬ ಸುಮಾರು 400 ಕಿಲೋಮೀಟರ್ ನಡೆದು ಬಂದ. ನಾಲ್ಕು ವಾರದ ರಜೆ ಹಾಕಿ ಬಂದವನು ತಿಂಗಳುಗಟ್ಟಲೆ ಉಳಿದುಬಿಟ್ಟ. ಆ ಹುಡುಗನೇ ಮುಂದೆ ಯುರೋಪಿನ ಮಹಾ ಸಂಗೀತಗಾರನಾದ ಯೊಹಾನ್ ಸೆಬಾಸ್ಟಿಯನ್ ಬಾಖ್.

ಹೊರಗೆ ಬಂದರೆ ಗೋಡೆಯ ಪಕ್ಕ ಕಲ್ಲಿನ ಮೇಲೆ ಕಂಚಿನ ಸೈತಾನ ಕೂತಿದ್ದಾನೆ. ಚರ್ಚ್ ಕಟ್ಟುವಾಗ ಇದು ವೈನ್ ಅಂಗಡಿ ಅಂದುಕೊಂಡು ತಾನೂ ಕಲ್ಲು ಹೊತ್ತನಂತೆ ಅನ್ನುವುದು ಊರಿನ ಕಥೆ. ಮಕ್ಕಳಿಗೆ ಇವನ ಜೊತೆ ಫೋಟೊ ಬೇಕೇ ಬೇಕು.

ಉತ್ತರದ ಕಡೆ, ಹಾನ್ಸಾ ಮ್ಯೂಸಿಯಂ

ಇಲ್ಲಿಂದ ಉತ್ತರಕ್ಕೆ ನಡೆಯಿರಿ. ಹಡಗು ನಾವಿಕರ ಸಂಘದ ಹಳೆ ಮನೆ ಸಿಗುತ್ತದೆ, 1535ರದ್ದು, ಈಗ ಹೋಟೆಲ್, ಮೇಲೆ ಹಡಗಿನ ಮಾದರಿಗಳು ತೂಗುತ್ತವೆ. ಎದುರಿಗೆ ಸಂತ ಯಾಕೋಬರ ಚರ್ಚ್, ನಾವಿಕರದು. 1957ರಲ್ಲಿ ಮುಳುಗಿದ ಪಾಮೀರ್ ಹಡಗಿನ ಒಂದು ರಕ್ಷಣಾ ದೋಣಿಯನ್ನು ಒಳಗೆ ಇಟ್ಟಿದ್ದಾರೆ. ಸ್ವಲ್ಪ ಮುಂದೆ ಪವಿತ್ರಾತ್ಮರ ಆಸ್ಪತ್ರೆ, 1286ರ ಸುಮಾರಿಗೆ ಶ್ರೀಮಂತ ವ್ಯಾಪಾರಿಗಳು ಕಟ್ಟಿಸಿದ್ದು. ಬಡವರು, ಮುದುಕರು ಇಲ್ಲಿ ಇರುತ್ತಿದ್ದರು.

ಬೆಟ್ಟದ ಕೆಳಗೆ ಯುರೋಪಿನ ಹಾನ್ಸಾ ಮ್ಯೂಸಿಯಂ ಇದೆ, 2015ರಲ್ಲಿ ತೆರೆದದ್ದು. ಒಂದೇ ಒಂದು ಮ್ಯೂಸಿಯಂಗೆ ಸಮಯ ಇದ್ದರೆ ಇದಕ್ಕೇ ಹೋಗಿ, ಕನಿಷ್ಠ ಎರಡು ಗಂಟೆ ಇಟ್ಟುಕೊಳ್ಳಿ. ಮೊದಲು ಕೆಳಗಿಳಿಸಿ ಅಗೆದ ನೆಲ ತೋರಿಸುತ್ತಾರೆ, ಆಮೇಲೆ ನವ್‌ಗೊರೊಡ್‌ನ ನದಿ ದಂಡೆ, ಬ್ರೂಗ್ಸ್‌ನ ಬಟ್ಟೆ ಮಾರುಕಟ್ಟೆ, ಹೀಗೆ ಒಂದೊಂದು ಕೋಠಿಯೊಳಗೆ ನಡೆದುಹೋದ ಹಾಗೆ ಕೋಣೆಗಳು. ಇಂಗ್ಲಿಷ್‌ನಲ್ಲೂ ಓದಬಹುದು.

ಇಲ್ಲಿನ ಸಿರಿವಂತ ವ್ಯಾಪಾರಿಗಳನ್ನು ಜನ ಬಯ್ಯುವಾಗ ಮೆಣಸಿನ ಮೂಟೆ ಅನ್ನುತ್ತಿದ್ದರು, ಜರ್ಮನ್‌ನಲ್ಲಿ ಪ್ಫೆಫರ್‌ಸಾಕ್. ಆ ಕಾಳುಮೆಣಸು ಬರುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯಿಂದ, ಅರಬ್ಬರ ಕೈ, ವೆನಿಸ್‌ನವರ ಕೈ ಎಲ್ಲ ದಾಟಿ. ಘಟ್ಟದ ಬಳ್ಳಿಯಲ್ಲಿ ಬೆಳೆದದ್ದು ಇಷ್ಟು ದೂರದ ಊರಲ್ಲಿ ಬೈಗುಳವಾಗಿ ಉಳಿದಿದೆ.

ಓಣಿಗಳಿಗೆ ಬನ್ನಿ

ಮ್ಯೂಸಿಯಂನಿಂದ ಹಿಂದೆ ಬರುವಾಗ ಎಂಗಲ್ಸ್‌ವಿಶ್, ಎಂಗಲ್ಸ್‌ಗ್ರೂಬೆ ಅನ್ನುವ ಬೀದಿಗಳನ್ನು ಹಿಡಿಯಿರಿ. ಮನೆಗಳ ಸಾಲಿನಲ್ಲಿ ಅಲ್ಲಲ್ಲಿ ಬಾಗಿಲಿಲ್ಲದ ತಗ್ಗಾದ ಕಂಡಿಗಳು ಕಾಣುತ್ತವೆ. ಅವೇ ಗೆಂಗೆ, ಅಂದರೆ ಓಣಿಗಳು. ತಲೆ ಬಗ್ಗಿಸಿ ಒಳಗೆ ಹೋಗಿ, ಎತ್ತರದವರು ನಿಜಕ್ಕೂ ಜೋಪಾನ.

ಊರಿನ ಸುತ್ತ ನೀರು, ಬೆಳೆಯಲು ಜಾಗವಿಲ್ಲ. ಜನ ಮಾತ್ರ ಬರುತ್ತಲೇ ಇದ್ದರು. ವ್ಯಾಪಾರಿಯ ಮನೆಯ ಹಿಂದೆ ಉದ್ದದ ಹಿತ್ತಲಿರುತ್ತಿತ್ತು. ಅಲ್ಲಿ ಒಂದೊಂದು ಕೋಣೆಯ ಗೂಡು ಮನೆಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟರು. ಅಲ್ಲಿಗೆ ಹೋಗಲು ಮುಂದಿನ ಮನೆಯನ್ನೇ ಕೊರೆದು ದಾರಿ ಮಾಡಿದರು. ಹೆಣದ ಪೆಟ್ಟಿಗೆ ಹಿಡಿಸುವಷ್ಟು ಅಗಲ ಇದ್ದರೆ ಸಾಕು ಅನ್ನುವುದೇ ಆಗಿನ ಅಳತೆಯಾಗಿತ್ತು ಅಂತ ಇಲ್ಲಿ ಹೇಳುತ್ತಾರೆ. ಮೂಟೆ ಹೊರುವವರು, ಕೂಲಿಗಳು, ದುಡಿದು ತಿನ್ನುವವರ ಸಂಸಾರಗಳು ಇಲ್ಲಿ ಬದುಕಿದವು. ಪೀಪಾಯಿ ಉರುಳಿಸಿದ ಕೈಗಳು ಇವರವು. ಸುಮಾರು 90 ಓಣಿಗಳು ಇವತ್ತಿಗೂ ಇವೆ. 1987ರಲ್ಲಿ ಈ ಹಳೆ ಊರು ಯುನೆಸ್ಕೋ ಪಟ್ಟಿಗೆ ಸೇರಿತು. ಹೆಬ್ಬಾಗಿಲು ಚೆಂದವೇ, ಆದರೆ ನನ್ನ ಮಟ್ಟಿಗೆ ಆ ಗೌರವ ಈ ಓಣಿಗಳಿಗೂ ಅಷ್ಟೇ ಸಲ್ಲಬೇಕು.

ಒಂದು ಮಾತು ದಯವಿಟ್ಟು ನೆನಪಿಡಿ. ಇಲ್ಲಿ ಈಗಲೂ ಜನ ವಾಸ ಇದ್ದಾರೆ. ಕಿಟಕಿಯೊಳಗೆ ಇಣುಕಬೇಡಿ, ಜೋರಾಗಿ ಮಾತಾಡಬೇಡಿ, ಯಾರದೋ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚಬೇಡಿ. ಗೇಟು ಹಾಕಿದ್ದರೆ ತಳ್ಳಬೇಡಿ. ನಾಲ್ಕಕ್ಕಿಂತ ಹೆಚ್ಚು ಜನ ಇದ್ದರೆ ಎರಡು ಗುಂಪಾಗಿ ಹೋಗಿ.

ಇನ್ನೂ ಕಾಲಲ್ಲಿ ಶಕ್ತಿ ಇದ್ದರೆ ಯಾಕೋಬರ ಚರ್ಚಿನ ಆಚೆ ಗ್ಲೊಕೆನ್‌ಗೀಸರ್ ಬೀದಿಗೆ ಹೋಗಿ. ಅಲ್ಲಿ ಫ್ಯುಶ್ಟಿಂಗ್ಸ್‌ಹೋಫ್ ಅನ್ನುವ ಅಂಗಳ ಇದೆ, 1639ರದ್ದು. ವ್ಯಾಪಾರಿಗಳ, ನಾವಿಕರ ವಿಧವೆಯರಿಗೆ ಅಂತ ಕಟ್ಟಿಸಿದ ಮನೆಗಳು. ಸಮುದ್ರಕ್ಕೆ ಹೋದವರೆಲ್ಲ ವಾಪಸ್ ಬರುತ್ತಿರಲಿಲ್ಲ. ಇದೇ ಬೀದಿಯಲ್ಲಿ 1999ರ ಸಾಹಿತ್ಯ ನೊಬೆಲ್ ಪಡೆದ ಗುಂಟರ್ ಗ್ರಾಸ್ ಅವರ ಹೆಸರಿನ ಮ್ಯೂಸಿಯಂ ಇದೆ. ಹತ್ತಿರದಲ್ಲೇ ಪಶ್ಚಿಮ ಜರ್ಮನಿಯ ಚಾನ್ಸಲರ್ ಆಗಿದ್ದ ವಿಲಿ ಬ್ರಾಂಟ್ ಅವರ ಸ್ಮಾರಕ ಮನೆ. 1971ರಲ್ಲಿ ಶಾಂತಿ ನೊಬೆಲ್ ಪಡೆದ ಅವರು ಹುಟ್ಟಿದ್ದು ಈ ಊರಲ್ಲೇ.

ಸಂಜೆ

ಎರಡು ದಿನ ಇರುವವರು ಮರುದಿನ ಟ್ರಾವೆಮ್ಯುಂಡೆಗೆ ಹೋಗಬಹುದು, ರೈಲಿನಲ್ಲಿ ಸುಮಾರು 20 ನಿಮಿಷ. ನದಿ ಸಮುದ್ರ ಸೇರುವ ಜಾಗ, ಮರಳು ದಂಡೆ ಇದೆ. 1911ರ ನಾಲ್ಕು ಕಂಬದ ಹಾಯಿ ಹಡಗು ಪಸಾಟ್ ಅಲ್ಲೇ ನಿಂತಿದೆ.

ಒಂದೇ ದಿನದವರು ದಕ್ಷಿಣಕ್ಕೆ ನಡೆದು, ಬಿಷಪ್ಪರ ಚರ್ಚ್ ತೆರೆದಿದ್ದರೆ 1477ರಲ್ಲಿ ಬೆರ್ನ್ಟ್ ನೋಟ್ಕೆ ಮಾಡಿದ ದೊಡ್ಡ ಮರದ ಶಿಲುಬೆ ನೋಡಿ, ಅಲ್ಲಿಂದ ನದಿ ದಾಟಿ ಮಾಲರ್‌ವಿಂಕೆಲ್‌ಗೆ ಬನ್ನಿ. ಚಿತ್ರಕಾರರ ಮೂಲೆ ಅಂತ ಆ ಹೆಸರಿನ ಅರ್ಥ. ಆಚೆ ದಡದ ಹಳೆ ಮನೆಗಳು, ಅವುಗಳ ಹಿಂದೆ ಗೋಪುರಗಳು, ಎಲ್ಲ ನೀರಿನಲ್ಲಿ ತಲೆಕೆಳಗಾಗಿ. ಪಡುವಣ ಬಿಸಿಲು ನೇರ ಆ ಮನೆಗಳ ಮುಖಕ್ಕೇ ಬೀಳುತ್ತದೆ. ಜೂನ್‌ನಲ್ಲಿ ರಾತ್ರಿ ಹತ್ತರ ಹತ್ತಿರದವರೆಗೂ ಬೆಳಕಿರುತ್ತದೆ, ಡಿಸೆಂಬರ್‌ನಲ್ಲಿ ನಾಲ್ಕಕ್ಕೇ ಕತ್ತಲು, ಹಾಗಾಗಿ ಚಳಿಗಾಲದಲ್ಲಿ ಬರುವವರು ಬೆಳಿಗ್ಗೆಯೇ ಇಲ್ಲಿಗೆ ಬಂದು ಹೋಗಿ. ಹುಲ್ಲಿನ ಮೇಲೆ ಕೂತು ಡಬ್ಬಿಯಿಂದ ಒಂದೆರಡು ಮಾರ್ಜಿಪಾನ್ ತೆಗೆಯಿರಿ. ನಿಲ್ದಾಣ ಇಲ್ಲಿಂದ ದೂರವಿಲ್ಲ, ನಡೆದೇ ಹೋಗಬಹುದು. ಹ್ಯಾಂಬರ್ಗ್ ರೈಲುಗಳು ಸಂಜೆ ಪೂರ್ತಿ ಇರುತ್ತವೆ, ಒಂದು ತಪ್ಪಿದರೆ ಇನ್ನೊಂದು ಸಿಗುತ್ತದೆ.